ಅಪ್ಪ ನನ್ನ ಭಯಕ್ಕೆ ಬೆಲೆ ಕಟ್ಟಿದ್ದು

ನಮ್ಮಪ್ಪ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ದಲ್ಲಾಳಿ. ತೋಟದವನು ಹೇಳಿದ ಬೆಲೆಯನ್ನು ಇಳಿಸುವುದು, ಕೊಳ್ಳುವವನು ಹೇಳಿದ್ದನ್ನು ಏರಿಸುವುದು, ಕೊನೆಗೆ ಇಬ್ಬರಿಗೂ ತಾವೇ ಗೆದ್ದೆವು ಅನ್ನಿಸಿ ಕಳಿಸುವುದು ಅವನ ಕಸುಬು. ಆ ಕಸುಬು ಮಂಡಿಯಲ್ಲೇ ಉಳಿದಿದ್ದರೆ ನಮಗೇನೂ ತೊಂದರೆ ಇರಲಿಲ್ಲ. ಅಮ್ಮ ಅನ್ನಕ್ಕೆ ಮೂರು ಪಾವು ಅಕ್ಕಿ ಅಂದರೆ ಇವನು ಎರಡೂವರೆ ಅನ್ನುತ್ತಾನೆ. ಡಾಕ್ಟರು ಐದು ದಿನಕ್ಕೆ ಮಾತ್ರೆ ಬರೆದರೆ ಮೂರು ದಿನಕ್ಕೆ ಮುಗಿಸುತ್ತಾನೆ. ನಾನು ಚಿಕ್ಕವಳಿದ್ದಾಗ ಥರ್ಮಾಮೀಟರು ನೂರಾಮೂರು ತೋರಿಸಿತಂತೆ. ಇವನು ಅದನ್ನು ಒದರಿ, ಮತ್ತೆ ನನ್ನ ಕಂಕುಳಲ್ಲಿಟ್ಟು, ನೂರಾಎರಡು ಬಂದ ಮೇಲೆ "ಇದು ನ್ಯಾಯ" ಅಂತ ಒಪ್ಪಿಕೊಂಡನಂತೆ. ಇಂಥವನನ್ನು ಜೊತೆಗಿಟ್ಟುಕೊಂಡು ನಾನು ಮನಸ್ಸಿನ ಚಿಕಿತ್ಸೆಗೆ ಹೋಗಬೇಕಾಗಿ ಬಂತು.

ಆದದ್ದು ಇಷ್ಟು. ಹೋದ ವರ್ಷ ಮಾವಿನ ಸೀಸನ್ನಿನಲ್ಲಿ ನನಗೆ ರಜೆಯಿದ್ದ ಒಂದು ದಿನ ಅಪ್ಪನ ಜೊತೆ ರಾಯಲ್ಪಾಡಿನ ಕಡೆಯ ತೋಟಕ್ಕೆ ಹೋಗಿದ್ದೆ. ಬರುವಾಗ ತೋತಾಪುರಿ ತುಂಬಿದ ಟೆಂಪೋದಲ್ಲಿ ಡ್ರೈವರ್ ಪಕ್ಕ ಅಪ್ಪ, ಅಪ್ಪನ ಪಕ್ಕ ನಾನು. ಒಂದು ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಡ್ರೈವರ್ ಎಮ್ಮೆಯನ್ನು ಉಳಿಸಿದ, ಟೆಂಪೋ ಮಗುಚಿಕೊಂಡಿತು. ಡ್ರೈವರಿಗೆ ಕತ್ತಿನ ಕೆಳಗಿನ ಮೂಳೆ ಮುರಿಯಿತು. ನನ್ನ ಮೇಲೆ ಅಪ್ಪ ಬಿದ್ದಿದ್ದ, ನಮ್ಮಿಬ್ಬರಿಗೂ ಗೀರು ಬಿಟ್ಟರೆ ಬೇರೇನೂ ಆಗಲಿಲ್ಲ. ಹಳ್ಳಿಯವರು ಓಡಿಬಂದು ನಮ್ಮನ್ನು ಎಳೆದು, ನೀರು ಕುಡಿಸಿ, ಡ್ರೈವರನ್ನು ಕಾರಿನಲ್ಲಿ ಆಸ್ಪತ್ರೆಗೆ ಸಾಗಿಸಿದರು. ಆಮೇಲೆ ಮಾವಿನಹಣ್ಣನ್ನೂ ರಕ್ಷಿಸಿದರು. ಯಾರ್ಯಾರ ಮನೆಗೆ ರಕ್ಷಿಸಿದರು ಅಂತ ನಾವು ಕೇಳಲಿಲ್ಲ, ಉಪಕಾರ ಮಾಡಿದವರನ್ನು ಹಾಗೆಲ್ಲ ಕೇಳಬಾರದು.

ನಾನು ಕೆಲಸ ಮಾಡುವುದು ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ. ಬೆಳಗಿನ ಶಿಫ್ಟಿಗೆ ಕಂಪನಿ ಬಸ್ಸು ನಮ್ಮೂರಿಗೇ ಬರುತ್ತದೆ. ಅಪಘಾತವಾದ ವಾರವೇ ಬಸ್ಸಿನ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ, ಎದೆ ಹೊಡೆದುಕೊಳ್ಳಲು ಶುರುವಾಯಿತು. ಕೈ ತಣ್ಣಗಾಯಿತು, ಉಸಿರು ಸಾಲಲಿಲ್ಲ. ಸಾಯುತ್ತಿದ್ದೇನೆ ಅಂತ ಖಾತ್ರಿಯಾಗಿ ಕೆಳಗಿಳಿದೆ. ಇಳಿದ ಸ್ವಲ್ಪ ಹೊತ್ತಿಗೆ ಏನೂ ಆಗಿರಲಿಲ್ಲ ಅನ್ನುವ ಹಾಗೆ ಸರಿಹೋದೆ. ಮಾರನೆಯ ದಿನವೂ ಅದೇ. ಆಟೋದಲ್ಲೂ ಅದೇ, ಪಕ್ಕದ ಮನೆಯವರ ಸ್ಕೂಟರಿನಲ್ಲೂ ಅದೇ. ಚಕ್ರವಿರುವ ಯಾವುದರ ಮೇಲೂ ನಾನು ಕೂರಲಾರದವಳಾದೆ. ಸಂಬಳವಿಲ್ಲದ ರಜೆ ಕೊಟ್ಟ ಸೂಪರ್‌ವೈಸರು ಒಳ್ಳೆಯ ಮನುಷ್ಯರೇ. ಆದರೂ ಡಿಸೆಂಬರ್ ಹೊತ್ತಿಗೆ ಫೋನ್ ಮಾಡಿ, "ಉಗಾದಿ ತನಕ ನೋಡ್ತೀವಮ್ಮ, ಆಮೇಲೆ ಆ ಜಾಗಕ್ಕೆ ಬೇರೆಯವರನ್ನ ಹಾಕ್ಕೋಬೇಕಾಗುತ್ತೆ" ಅಂದರು.

ಆ ಜಾಗ ಅಂದರೆ ಒಂದು ಎತ್ತರದ ಸ್ಟೂಲು, ಒಂದು ಭೂತಗನ್ನಡಿ, ನನ್ನ ಮುಂದೆ ಹಾದುಹೋಗುವ ಪುಟ್ಟ ಪುಟ್ಟ ಸರ್ಕ್ಯೂಟ್ ಬೋರ್ಡುಗಳು. ಅವುಗಳಲ್ಲಿ ಕೆಟ್ಟದ್ದನ್ನು ಹುಡುಕಿ ತೆಗೆಯುವುದು ನನ್ನ ಕೆಲಸ. ಮದುವೆ ಅಂತ ಒಂದಾಗಿ, ಸರಿಹೋಗದೆ ತವರಿಗೆ ವಾಪಸು ಬಂದವಳಿಗೆ ಆ ಸ್ಟೂಲಿನ ಮೇಲೆ ಕೂತಾಗ ಮಾತ್ರ ನಾನು ಯಾರ ಮಗಳೂ ಅಲ್ಲ, ಯಾರೋ ಬಿಟ್ಟವಳೂ ಅಲ್ಲ ಅನ್ನಿಸುತ್ತಿತ್ತು. ಅದು ಹೋಗಬಾರದು ಅಂತ ಉಗಾದಿಗೆ ಇನ್ನೆಷ್ಟು ದಿನ ಅಂತ ಕ್ಯಾಲೆಂಡರಿನಲ್ಲಿ ಎಣಿಸತೊಡಗಿದೆ.

ಮನೆಮದ್ದುಗಳು ಸಾಲಾಗಿ ನಡೆದವು. ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಮನೆಯವರೆಲ್ಲ ಕೆಮ್ಮಿದೆವು, ಬಸ್ಸಿನ ಭಯ ಕೆಮ್ಮಲಿಲ್ಲ. ತೋಳಿಗೊಂದು ತಾಯತ ಬಂತು. ಇನ್ನೊಂದು ಮದುವೆ ಮಾಡಿದರೆ ಸರಿಹೋಗುತ್ತದೆ ಅಂದ ಎದುರು ಮನೆಯವಳಿಗೆ, "ಮೊದಲನೇದನ್ನ ಸರಿಮಾಡೋಕೆ ಯಾವ ಗಾಡಿ ಹತ್ತಬೇಕಿತ್ತು ಹೇಳಕ್ಕ" ಅಂದೆ. ಆವತ್ತಿನಿಂದ ಅವಳು ಮಾತು ಬಿಟ್ಟಿದ್ದಾಳೆ. ಅಪ್ಪ ಮಾತ್ರ ಯಾವ ಮದ್ದನ್ನೂ ಹೇಳಲಿಲ್ಲ. ನಾನು ಎಲ್ಲಿಗೆ ನಡೆದರೂ ಜೊತೆಗೆ ನಡೆಯತೊಡಗಿದ. ತನ್ನ ಮೊಪೆಡ್ಡನ್ನು ಹಿತ್ತಿಲಲ್ಲಿ ನಿಲ್ಲಿಸಿ ಮೇಲೆ ಟಾರ್ಪಾಲು ಹೊದಿಸಿಬಿಟ್ಟ. "ತಲೆ ಸುತ್ತಿ ಎಲ್ಲಾನಾ ಬಿದ್ರೆ? ಜೊತೆಗೆ ಇರ್ತೀನಿ" ಅಂದ. ಊರವರು ಮಗಳ ಮೇಲೆ ಪ್ರೀತಿ ಅಂದರೆ ಹೀಗಿರಬೇಕು ಅಂದರು. ನನಗೂ ಕಣ್ಣು ತುಂಬಿ ಬಂತು.

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ನನ್ನ ಎದೆಯನ್ನೆಲ್ಲ ಪರೀಕ್ಷೆ ಮಾಡಿಸಿ, ಹೃದಯ ಗಟ್ಟಿಯಾಗಿದೆ, ಹೆದರಿರುವುದು ಮನಸ್ಸು ಅಂದರು. ಗುರುವಾರ ಗುರುವಾರ ಕೋಲಾರದಿಂದ ಒಬ್ಬ ಕೌನ್ಸೆಲಿಂಗ್ ಮೇಡಂ ಬರುತ್ತಾರೆ, ಹೋಗಿ ನೋಡು ಅಂದರು. ಮೇಡಂ ಕೂರುವ ಕೋಣೆ ಗೊಬ್ಬರದ ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗ ಯೂರಿಯಾ ವಾಸನೆ. ಮೇಲೆ ಒಂದು ಬೆಂಚು, ಒಳಗೆ ಒಂದು ಮೇಜು, ಮೂರು ಪ್ಲಾಸ್ಟಿಕ್ ಕುರ್ಚಿ. ನಮ್ಮ ಕಡೆ ಆಸ್ಪತ್ರೆಗೆ ಯಾರೂ ಒಬ್ಬರೇ ಹೋಗುವುದಿಲ್ಲ, ಹೋದರೆ ಮನೆಯಲ್ಲಿ ಜನ ಇಲ್ಲವಾ ಅನ್ನುತ್ತಾರೆ. ಹಾಗಾಗಿ ಅಪ್ಪ ಬಂದ. ಬಂದು ನಡುವಿನ ಕುರ್ಚಿಯಲ್ಲಿ ಕೂತ.

ಮೇಡಂ ನನಗಿಂತ ಚಿಕ್ಕವರು. ಅಪ್ಪನನ್ನು ಹೊರಗೆ ಕೂರಿಸಲು ಎರಡು ಸಲ ಮೆತ್ತಗೆ ನೋಡಿದರು. ಎರಡು ಸಲವೂ ಅವನು ಬಾಗಿಲ ತನಕ ಹೋಗಿ, ಚಪ್ಪಲಿ ಸರಿಯಾಗಿಟ್ಟು, ವಾಪಸು ಬಂದ. ಕೊನೆಗೆ ಅವರು ನನ್ನನ್ನು ಕೇಳಿದರು, "ಇವರು ಇಲ್ಲೇ ಇದ್ರೆ ನಿಮಗೆ ಪರವಾಗಿಲ್ವಾ?" ನನ್ನ ವಿಷಯದಲ್ಲಿ ನನ್ನನ್ನು ಕೇಳಿದವರು ಬಹಳ ದಿನದ ಮೇಲೆ ಅವರೇ ಮೊದಲು. ಆ ಖುಷಿಗೇ ಹೂಂ ಅಂದುಬಿಟ್ಟೆ.

ಅಪಘಾತದ ಕಥೆಯನ್ನು ಅವಸರಿಸದೆ ಕೇಳಿದರು. ಆಮೇಲೆ, "ನಿಮಗೆ ಹುಚ್ಚೂ ಇಲ್ಲ, ನೀವು ಪುಕ್ಕಲೂ ಅಲ್ಲ. ಆವತ್ತು ನಿಮ್ಮ ಮೈ ಹೆದರಿತು. ಈಗ ನಿಮ್ಮನ್ನ ಕಾಪಾಡೋಕೆ ಹೊರಟಿದೆ. ಸ್ವಲ್ಪ ಜಾಸ್ತಿ ಕಾಪಾಡ್ತಾ ಇದೆ, ಅಷ್ಟೇ" ಅಂದರು. ಆರು ತಿಂಗಳು ನನ್ನ ಮೈಯನ್ನು ನಾನೇ ಬೈದುಕೊಂಡಿದ್ದೆ.

"ಈಗ ಬಸ್ ಹತ್ತೋದನ್ನ ನೆನೆಸ್ಕೊಳ್ಳಿ. ಭಯಕ್ಕೆ ಒಂದರಿಂದ ಹತ್ತರೊಳಗೆ ಎಷ್ಟು ಕೊಡ್ತೀರಾ?" ಅಂತ ಕೇಳಿದರು.

"ಎಂಟು" ಅಂದೆ.

"ಎಂಟು ಜಾಸ್ತಿ ಆಯ್ತು ಮೇಡಂ" ಅಂದ ಅಪ್ಪ. "ಆರು ಬರ್ಕಳಿ."

ಮೇಡಂ ಎತ್ತಿದ ಪೆನ್ನನ್ನು ಕೆಳಗಿಟ್ಟರು. "ಇದು ಅವರ ಭಯ ಅಲ್ವಾ, ಅವರೇ ಹೇಳಬೇಕು."

"ಅವ್ಳಿಗೆ ರೇಟು ತಿಳೀದು ಮೇಡಂ. ಮೊದಲ್ನೇ ದಿನವೇ ಎಂಟಂದ್ರೆ ನಾಳೆ ಜಾಸ್ತಿ ಆದ್ರೆ ಎಲ್ಲಿಗೋಗ್ತಾಳೆ? ಮೇಲೆ ಎರಡೇ ಐತೆ ಜಾಗ."

"ಕಡಿಮೆ ಆಗಲಿ ಅಂತಾನೇ ನಾವು ನೋಡೋದು."

"ಅದಕ್ಕೇ ಹೇಳಿದ್ದು, ಕಡಮೆಯಿಂದ್ಲೇ ಶುರು ಮಾಡಾಣ. ಹೋಗ್ಲಿ, ನಿಮಗೂ ಬ್ಯಾಡ, ನಮಗೂ ಬ್ಯಾಡ, ಏಳು" ಅಂದವನೇ ಮೇಜಿನ ಮೇಲೆ ಕೈ ಚಾಚಿದ. ಪಾಪ, ಆ ಮೇಡಂಗೆ ಅದು ವ್ಯಾಪಾರ ಮುಗಿಸುವ ಕೈ ಅಂತ ಗೊತ್ತಿಲ್ಲ. ಹಿರಿಯರು ಅಂತ ಕುಲುಕಿಬಿಟ್ಟರು. ಅಪ್ಪನ ಪ್ರಕಾರ ಅಲ್ಲಿಗೆ ಏಳು ಕುದುರಿತು. ನನಗೆ ಅವಮಾನಕ್ಕೋ ಸುಸ್ತಿಗೋ ಕಣ್ಣೀರು ಬಂದೇಬಂತು. ಅಪ್ಪ ನನ್ನ ಕಡೆ ಬಗ್ಗಿ, "ಅಳಬ್ಯಾಡ ಪಾಪ, ಏಳೂವರೆ ಮಾಡ್ಸಾಣ" ಅಂದ. ಮೂವತ್ತಾರು ವರ್ಷದ ನನ್ನನ್ನು ಅವನು ಈಗಲೂ ಹಸುಮಗುವಿನ ಹಾಗೆ ಪಾಪ ಅಂತಲೇ ಕರೆಯುವುದು.

ಮುಂದಿನ ಗುರುವಾರ ನಾನೊಂದು ಉಪಾಯ ಮಾಡಿದೆ. ಇವನು ಹೇಗೂ ಇಳಿಸುತ್ತಾನೆ, ಎರಡು ಸೇರಿಸಿಯೇ ಹೇಳೋಣ ಅಂತ ಹತ್ತು ಅಂದೆ. ಅಪ್ಪ ಒಂಬತ್ತು ಅಂದ. ಅದರ ಮುಂದಿನ ವಾರ ನಿಜವಾಗಿ ಏಳು ಇತ್ತು, ಒಂಬತ್ತೂವರೆ ಅಂದೆ. ಅಪ್ಪ ಎಂಟಕ್ಕೆ ನಿಂತ. ಹೀಗೆ ನಾವಿಬ್ಬರೂ ಸೇರಿ ಮೇಡಂ ಅವರನ್ನು ದಿಕ್ಕೆಡಿಸಿದೆವು. ಅವರು ಹೇಳಿಕೊಟ್ಟ ಉಸಿರಾಟವನ್ನು ನಾನು ಶ್ರದ್ಧೆಯಿಂದ ಮಾಡುತ್ತಿದ್ದೆ, ರಾತ್ರಿ ನಿದ್ದೆ ಬರುತ್ತಿತ್ತು, ಬಸ್ ಸ್ಟ್ಯಾಂಡಿನ ಹತ್ತಿರ ಹೋಗಿ ಬಸ್ಸುಗಳನ್ನು ನೋಡುತ್ತಾ ನಿಲ್ಲುವ ತನಕ ಬಂದಿದ್ದೆ. ನನ್ನ ನಂಬರು ಮಾತ್ರ ಮೊದಲ ದಿನದ ಏಳಕ್ಕಿಂತ ಮೇಲೆಯೇ ಇರುತ್ತಿತ್ತು. ಒಂದು ದಿನ ಅವರು ನನ್ನ ಮುಖ ನೋಡಿ, "ನನ್ನ ಕೆಲಸದಲ್ಲೇ ಏನೋ ತಪ್ಪಾಗ್ತಿದೆ ಅನ್ಸುತ್ತೆ. ಬೇರೆಯವರ ಹತ್ರ ಕಳಿಸ್ಲಾ?" ಅಂದರು. ಅವರ ಮುಖದಲ್ಲಿ ನಿಜವಾದ ಚಿಂತೆ ಇತ್ತು. ನನಗೆ ತಡೆಯಲಾಗಲಿಲ್ಲ. ಹೆಚ್ಚು ಹೇಳಿದ್ದು ಯಾಕೆ, ಎಷ್ಟು ಹೆಚ್ಚು ಹೇಳಿದ್ದು ಎಲ್ಲ ಬಾಯಿಬಿಟ್ಟೆ.

ಮೇಡಂ ಬೈಯಲಿಲ್ಲ, ನಗಲೂ ಇಲ್ಲ. ಅಪ್ಪನ ಕಡೆ ತಿರುಗಿ, "ಮಂಡೀಲಿ ಎಲ್ಲರೂ ಹೀಗೇ ಹೇಳಿದ್ರೆ ನಿಜವಾದ ರೇಟು ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದರು.

ಅಪ್ಪನಿಗೆ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತ. "ಬಾಯಲ್ಲಿ ಹೇಳೋದು ರೇಟಲ್ಲ ಮೇಡಂ, ಅದು ನಾಟಕ. ನಾಲ್ಕು ಜನ ಕೇಳ್ಲಿ ಅಂತ ಹೇಳೋದು. ನಿಜವಾದ್ದು ಇಲ್ಲಿ ನಡೀತೈತೆ" ಅಂತ ಹೆಗಲ ಮೇಲಿನ ಟವಲ್ ತೆಗೆದು ಮೇಜಿನ ಮೇಲೆ ಹಾಸಿದ. ಈಗೀಗ ಎಲ್ಲ ಬಹಿರಂಗ ಹರಾಜು. ಆದರೂ ಅಪ್ಪನ ಕಾಲದ ನಾಲ್ಕಾರು ಜನ ಇನ್ನೂ ಹಳೆಯ ಪದ್ಧತಿ ಬಿಟ್ಟಿಲ್ಲ. ಇಬ್ಬರ ಕೈ ಟವಲ್ ಕೆಳಗೆ ಹೋಗುತ್ತದೆ. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದು ಒತ್ತಿದರೆ ಐದು, ಬಿಟ್ಟು ಮತ್ತೆ ಎರಡು ಹಿಡಿದರೆ ಏಳು. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ, ಮುಖದಲ್ಲೂ ಏನೂ ತೋರಿಸುವ ಹಾಗಿಲ್ಲ. "ಬಾಯಲ್ಲಿ ಏನನ್ನಾ ಅನ್ಬೋದು ಮೇಡಂ. ಟವಲ್ ಕೆಳಗೆ ಸುಳ್ಳಾಡಿದೋನ ಹತ್ರ ಆಮೇಲೆ ಯಾರೂ ವ್ಯಾಪಾರ ಮಾಡಲ್ಲ" ಅಂದ.

"ಹಾಗಾದ್ರೆ ಇನ್ಮೇಲೆ ನಾವೂ ಹೀಗೇ ಮಾಡೋಣ" ಅಂದು ಮೇಡಂ ತಮ್ಮ ಕೈಯನ್ನು ಟವಲ್ ಕೆಳಗೆ ತೂರಿಸಿ ನನ್ನ ಕಡೆ ನೋಡಿದರು. ನಾನೂ ಕೈ ಹಾಕಿದೆ. ಅವರ ಐದು ಬೆರಳು ಹಿಡಿದು ಒತ್ತಿ, ಬಿಟ್ಟು, ಮತ್ತೆ ಎರಡು ಹಿಡಿದೆ. ಅವರು ತಲೆಯಾಡಿಸಿದರು. ನಡುವೆ ಕೂತ ಅಪ್ಪ ಒಂದು ಸಲ ನನ್ನ ಮುಖ, ಒಂದು ಸಲ ಅವರ ಮುಖ ನೋಡಿದ. ತನ್ನದೇ ಟವಲ್ಲಿನ ಹೊರಗೆ ಉಳಿದುಬಿಟ್ಟಿದ್ದ.

ಮೆಟ್ಟಿಲಿಳಿಯುವಾಗ ಕೇಳಿದ, "ಎಷ್ಟಕ್ಕೆ ಹೋಯ್ತು?"

"ಹೇಳಬಾರದು" ಅಂದೆ.

ಮನೆಯ ತನಕ ಮುಖ ಗಂಟಿಕ್ಕಿಕೊಂಡೇ ನಡೆದ. ನನಗೆ ಎಷ್ಟೋ ತಿಂಗಳ ಮೇಲೆ ನಗು ಬಂತು.

ಆಮೇಲಿನ ವಾರಗಳಲ್ಲಿ ಮೇಡಂ ಅವನನ್ನೂ ಒಮ್ಮೊಮ್ಮೆ ಕೇಳುತ್ತಿದ್ದರು. "ನೀವೂ ಅದೇ ಟೆಂಪೋದಲ್ಲಿ ಇದ್ರಲ್ಲ. ನಿಮ್ಮದು ಎಷ್ಟು?" ಅಪ್ಪ ಕೂಡಲೇ "ಸೊನ್ನೆ" ಅನ್ನುತ್ತಿದ್ದ. "ಟವಲ್ ಕೆಳಗೆ ಹೇಳಿ" ಅಂದರೆ, "ಟವಲ್ ಕೆಳಗೆ ಸೊನ್ನೆಗೆ ಗುರುತೇ ಇಲ್ಲ ಮೇಡಂ, ಸೊನ್ನೆಗೆ ಯಾವನು ವ್ಯಾಪಾರ ಮಾಡ್ತಾನೆ" ಅಂತ ಕೈಯನ್ನು ಕಂಕುಳಲ್ಲಿ ಸೇರಿಸಿಕೊಳ್ಳುತ್ತಿದ್ದ. ಮೇಡಂ ಒತ್ತಾಯ ಮಾಡುತ್ತಿರಲಿಲ್ಲ.

ಹೊರಗಿನ ಬೆಂಚಿನ ಮೇಲೆ ನಮಗೆ ಇನ್ನೊಬ್ಬಳ ಪರಿಚಯವಾಯಿತು. ಮುಳಬಾಗಿಲು ರಸ್ತೆಯ ಹಳ್ಳಿಯೊಂದರಿಂದ ತಾಯಿಯ ಜೊತೆ ಬರುತ್ತಿದ್ದ ಪಿಯುಸಿ ಹುಡುಗಿ. ಕಿವಿಯ ಮೇಲೆ ದಪ್ಪ ಹೆಡ್‌ಫೋನು, ಅದರಲ್ಲಿ ಹಾಡು ಗೀಡು ಏನೂ ಇಲ್ಲ, ಶಬ್ದ ತಡೆಯುವುದಕ್ಕೆ ಅಷ್ಟೇ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಆಟಿಸಂ ಅಂತ ಹೇಳವ್ರೆ" ಅಂತ ಅವಳ ತಾಯಿ ಮೊದಲ ದಿನ ಪಿಸುಮಾತಿನಲ್ಲಿ ಹೇಳಿದರು. ಹುಡುಗಿ ಮಾಮೂಲು ದನಿಯಲ್ಲೇ, "ಮೆಲ್ಲಗೆ ಹೇಳೋದು ಯಾಕಮ್ಮ, ಅದು ಗುಟ್ಟಲ್ಲ ಅಂತ ಮೇಡಂ ಹೇಳವ್ರೆ" ಅಂದಳು.

ಅಪ್ಪ ಆ ದಿನಗಳಲ್ಲಿ ಬೆಂಚಿನ ಮೇಲೆ ಕೂತು ವಿಡಿಯೋ ಕಾಲಿನಲ್ಲಿ ತೋಟ ನೋಡುತ್ತಿದ್ದ. ಮಾವು ಹೂ ಬಿಡುವ ಕಾಲ. ಆ ಹೂ ನೋಡಿಯೇ ತೋಟದ ಫಸಲಿಗೆ ಬೆಲೆ ಮಾತಾಡುವುದು, ಅದಕ್ಕಾಗಿ ಪ್ರತಿವರ್ಷ ತೋಟ ತೋಟ ಸುತ್ತುತ್ತಿದ್ದ. ಈ ಸಲ "ಕಾಲ ಬದಲಾಗೈತೆ, ಫೋನಲ್ಲೇ ಎಲ್ಲ ಕಾಣ್ತೈತೆ" ಅನ್ನುತ್ತಿದ್ದ. "ಏಮಯ್ಯಾ, ಆ ಕೊಂಬೆ ಮೇಲ್ಗಡೆ ತೋರ್ಸು, ನಿನ್ ಮುಖ ಯಾಕ್ ತೋರಿಸ್ತೀಯ, ನಾನೇನ್ ಹೆಣ್ ನೋಡೋಕ್ ಬಂದಿದ್ದೀನಾ" ಅಂತ ರಾಯಲ್ಪಾಡಿಗೆ ಫೋನಿಲ್ಲದೆಯೇ ಕೇಳಿಸುವ ಹಾಗೆ ಕೂಗುತ್ತಿದ್ದ. ಹುಡುಗಿ ಹೆಡ್‌ಫೋನಿನ ಒಂದು ಕಡೆ ಎತ್ತಿ, "ತಾತ, ನೀವು ಜೋರಾಗಿ ಮಾತಾಡಿದ್ರೆ ನನಗೆ ಕಿವಿ ನೋಯ್ತದೆ. ಹೊರಗೋಗಿ ಮಾತಾಡಿ" ಅಂದಳು. ಅವಳ ತಾಯಿ ನಾಚಿಕೆಯಿಂದ ಕುಗ್ಗಿಹೋದರು. ಅಪ್ಪ ಮಾತ್ರ ಸುಮ್ಮನೆ ಎದ್ದು ಮೆಟ್ಟಿಲಿಳಿದು ಹೋಗಿ ಗೊಬ್ಬರದ ಮೂಟೆಗಳ ಮಧ್ಯೆ ನಿಂತು ಮಾತಾಡಿದ. ವಾಪಸು ಬಂದು ನನ್ನ ಕಿವಿಯಲ್ಲಿ, "ಆ ಮಗು ನೋಡು, ಮೊದಲ್ನೇ ರೇಟೇ ಕೊನೇ ರೇಟು" ಅಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಆಮೇಲೆ ಅವಳಿಗಾಗಿ ದನಿ ತಗ್ಗಿಸುವುದನ್ನು ಕಲಿತ. ನಮ್ಮ ಮನೆಯವರು ಮೂವತ್ತು ವರ್ಷದಿಂದ ಕೇಳಿಕೊಂಡರೂ ಕಲಿಯದಿದ್ದದ್ದು ಅದು.

ಒಂದು ಗುರುವಾರ ಆ ಹುಡುಗಿ ನಮ್ಮ ಧೂಳು ಹಿಡಿದ ಚಪ್ಪಲಿಗಳನ್ನು ನೋಡುತ್ತಾ ಕೂತಿದ್ದಳು. "ಅಕ್ಕಂಗೆ ಗಾಡಿ ಭಯ. ಅದಕ್ಕೆ ನಡ್ಕೊಂಡ್ ಬರ್ತಾರೆ. ನೀವ್ಯಾಕೆ ನಡ್ಕೊಂಡ್ ಬರ್ತೀರಾ ತಾತ?" ಅಂತ ಕೇಳಿದಳು.

"ಅಕ್ಕಂಗೆ ಜೊತೆ ಬೇಕಲ್ಲಮ್ಮ."

"ಅಕ್ಕ ಮನೇಲಿದ್ದಾಗ?"

"ಆಗ..." ಅಂದ ಅಪ್ಪ. "ಆಗ ಅಭ್ಯಾಸ ಆಗ್ಬಿಟ್ಟೈತೆ."

"ಅದು ಉತ್ತರ ಅಲ್ಲ" ಅಂದು ಅವಳು ಹೆಡ್‌ಫೋನು ಸರಿಮಾಡಿಕೊಂಡಳು. ಅವಳ ಪಾಲಿಗೆ ಮಾತು ಅಲ್ಲಿಗೆ ಮುಗಿದಿತ್ತು.

ನನ್ನ ಪಾಲಿಗೆ ಶುರುವಾಯಿತು. ಹಿತ್ತಿಲಲ್ಲಿ ಟಾರ್ಪಾಲು ಹೊದ್ದ ಮೊಪೆಡ್ಡು. ಫೋನಿನಲ್ಲಿ ನೋಡಿದ ತೋಟಗಳು. ಮಾಲೂರಿನಲ್ಲಿ ಅವನ ದೊಡ್ಡಪ್ಪನ ಮಗ ತೀರಿಕೊಂಡಾಗ ಪಕ್ಕದ ಮನೆಯವರು ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ್ದರು. ಇವನು ಪಂಚೆ ಉಟ್ಟು ಹೊರಟು, ಕಾರಿನ ಬಾಗಿಲು ಹಿಡಿದು ನಿಂತು, "ಮಗಳು ಒಬ್ಬಳೇ ಆಗ್ತಾಳೆ" ಅಂತ ಒಳಗೆ ಬಂದುಬಿಟ್ಟಿದ್ದ. ಜೊತೆಗೆ ಆಡಿ ಬೆಳೆದವನ ಮುಖವನ್ನು ನನ್ನಿಂದಾಗಿ ಕೊನೆಯ ಸಲ ನೋಡಲಾಗಲಿಲ್ಲ ಅಂತ ನಾನು ಎಷ್ಟು ದಿನ ಕೊರಗಿದ್ದೆ. ನನಗೆ ಮೊದಲು ಬಂದದ್ದು ಕನಿಕರ ಅಲ್ಲ, ಕೋಪ. ತನ್ನ ಭಯವನ್ನೂ ನನ್ನ ತಲೆಗೇ ಕಟ್ಟಿ, ಊರವರಿಂದ ಶಹಬ್ಬಾಸ್ ಗಿಟ್ಟಿಸಿಕೊಂಡು, ಮೇಲೆ ನನ್ನ ಎಂಟನ್ನು ಆರಕ್ಕೆ ಇಳಿಸುತ್ತಿದ್ದ. ಕೋಪದ ಹಿಂದೆಯೇ ಸಂಕಟ ಬಂತು. ಅರವತ್ತೆಂಟು ವರ್ಷದವನು ಇಷ್ಟು ತಿಂಗಳು ಇದನ್ನು ಒಬ್ಬನೇ ಹೊತ್ತುಕೊಂಡು ನಡೆದಿದ್ದ.

ಅವನು ನೀರು ಕುಡಿಯಲು ಹೋದಾಗ ಮೇಡಂಗೆ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. "ಅವರಾಗಿ ಕೈ ಹಾಕೋ ತನಕ ಕಾಯೋಣ. ಎಳೆದ್ರೆ ಬರಲ್ಲ" ಅಂದರು.

ಉಗಾದಿ ಹತ್ತಿರವಾಗುತ್ತಿತ್ತು. ಮೇಡಂ ನನಗೆ ಮುಂದಿನ ಪಾಠ ಕೊಟ್ಟರು. ಮೊದಲು ನಿಂತ ಬಸ್ಸಿನಲ್ಲಿ ಸುಮ್ಮನೆ ಕೂತು, ಹೊರಡುವ ಮುಂಚೆ ಇಳಿಯಬೇಕು. ಭಯ ಏರುತ್ತದೆ, ಏರಲಿ. ಸ್ವಲ್ಪ ಹೊತ್ತು ಓಡಿಹೋಗದೆ ಕೂತರೆ ಅದು ತಾನಾಗಿಯೇ ಕಡಿಮೆಯಾಗುತ್ತದೆ. ಕಡಿಮೆಯಾದ ಮೇಲೆಯೇ ಇಳಿಯಬೇಕು, ಏರಿದ್ದಾಗ ಅಲ್ಲ. ಕೇಳಲು ಸುಲಭ. ಆದರೆ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಎಲ್ಲಿಗೂ ಹೋಗದೆ ಬಸ್ಸಿನಲ್ಲಿ ಕೂರುವುದು ಎಷ್ಟು ಕಷ್ಟ ಅಂತ ಅವರಿಗೆ ಗೊತ್ತಿರಲಿಲ್ಲ. ನಾನು ಕೂರುತ್ತಿದ್ದಂತೆ ಕಿಟಕಿಯಿಂದ ಒಂದು ಕರ್ಚೀಫು, ಒಂದು ಟೊಮೆಟೊ ಚೀಲ, ಒಂದು ಮಗು ಒಳಗೆ ಬಂದವು. ಮೂರಕ್ಕೂ ಸೀಟು ಹಿಡಿದಿಡುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಇಳಿಯುವ ಹೊತ್ತಿಗೆ ಮಗುವಿನ ತಾಯಿ ಇನ್ನೂ ಹತ್ತಿರಲಿಲ್ಲ. ಕಂಡಕ್ಟರ್ ಬಂದು, "ಎಲ್ಲಿಗಮ್ಮ?" ಅಂದ. "ಎಲ್ಲಿಗೂ ಇಲ್ಲ, ಕೂತಿದ್ದೀನಿ ಅಷ್ಟೇ" ಅಂದೆ. ಅವನು ಹತ್ತಿರ ಬಗ್ಗಿ, "ಮನೇಲಿ ಜಗಳಾನಾ?" ಅಂತ ಮೆಲ್ಲಗೆ ಕೇಳಿದ. ಎರಡನೆಯ ದಿನದಿಂದ ಅವನೇ ನನಗೆ ಮುಂದಿನ ಸೀಟು ಬಿಡಿಸಿಕೊಟ್ಟು, "ನಮ್ಮಕ್ಕ ಈ ಬಸ್ಸಲ್ಲಿ ಸ್ವಲ್ಪ ಸುಧಾರಿಸ್ಕೊಂಡ್ ಹೋಗ್ತಾರೆ" ಅಂತ ಉಳಿದವರಿಗೆ ಹೇಳುತ್ತಿದ್ದ. ಅಪ್ಪ ಈ ದಿನಗಳಲ್ಲೆಲ್ಲ ಬಸ್ಸಿನ ಕೆಳಗೆ, ನನ್ನ ಕಿಟಕಿಯ ನೇರಕ್ಕೆ ನಿಂತಿರುತ್ತಿದ್ದ. ನೀನೂ ಹತ್ತಿ ಕೂರಪ್ಪ ಅಂದರೆ, "ಒಳಗೆ ಸೆಕೆ" ಅನ್ನುತ್ತಿದ್ದ.

ಕಡೆಗೆ ಆ ದಿನ ಬಂತು. ಕೋಲಾರದ ಬಸ್ಸು ಹತ್ತಿ, ಊರಾಚೆಯ ಮೊದಲ ಗೇಟಿನಲ್ಲಿ, ಅಂದರೆ ಹಳ್ಳಿಗೆ ತಿರುಗುವ ಸ್ಟಾಪಿನಲ್ಲಿ ಇಳಿದು, ನಡೆದು ವಾಪಸು ಬರಬೇಕು. ಅಪ್ಪ ಬೆಳಿಗ್ಗೆ ಅಮ್ಮ ಕೊಟ್ಟ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದ. ಬಸ್ ಸ್ಟ್ಯಾಂಡಿನಲ್ಲಿ ನಾನು ಹತ್ತಿ ಕೂತೆ. ಕಿಟಕಿಯಿಂದ ನೋಡಿದರೆ ಕೆಳಗೆ ಅವನಿಲ್ಲ. ತಿರುಗಿದರೆ ಮೆಟ್ಟಿಲ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಹಿಂದೆ ಹತ್ತುವವರು "ಮುಂದಕ್ಕೆ ನಡಿ ತಾತ" ಅನ್ನುತ್ತಿದ್ದರು. ನಡೆದ. ಬಂದು ನನ್ನ ಪಕ್ಕ ಕೂತು, ಕಂಡಕ್ಟರಿಗೆ "ಗೇಟಿಗೆ ಒಂದು" ಅಂದ. ನನ್ನ ಟಿಕೆಟ್ಟು ಹೆಂಗಸರ ಟಿಕೆಟ್ಟು, ದುಡ್ಡಿಲ್ಲ. ಬೇರೆ ದಿನವಾಗಿದ್ದರೆ ಅವನು ಹಿರಿಯರಿಗೂ ಬಿಡಬೇಕು ಅಂತ ಕಂಡಕ್ಟರ್ ಜೊತೆ ಎಳೆದಾಡುತ್ತಿದ್ದ. ಆವತ್ತು ಕೇಳಿದ್ದನ್ನು ಕೊಟ್ಟು, ಚಿಲ್ಲರೆಯನ್ನೂ ಎಣಿಸದೆ ಜೇಬಿಗೆ ಹಾಕಿಕೊಂಡ.

ಬಸ್ಸು ಹೊರಟಿತು. ನನ್ನ ಎದೆ ಶುರುಮಾಡಿತು. ಉಸಿರನ್ನು ಮೇಡಂ ಹೇಳಿದ ಹಾಗೆ ಉದ್ದಕ್ಕೆ ಬಿಟ್ಟೆ. ಆರು ಅಂತ ನನಗೆ ನಾನೇ ಹೇಳಿಕೊಂಡೆ, ತಡೆಯಬಹುದಾದ ಆರು. ಆಗ ಅಪ್ಪ ಹೆಗಲ ಮೇಲಿನ ಟವಲ್ ತೆಗೆದು ನಮ್ಮಿಬ್ಬರ ತೊಡೆಯ ಮೇಲೆ ಹರವಿದ. ಅದರ ಕೆಳಗೆ ಅವನ ಕೈ ನನ್ನ ಕೈ ಹುಡುಕಿಕೊಂಡು ಬಂತು. ನನ್ನ ನಂಬರು ಕೇಳುತ್ತಿದ್ದಾನೆ ಅಂದುಕೊಂಡು ನಿಜವನ್ನೇ ಹೇಳಲು ಸಿದ್ಧಳಾದೆ. ಅವನು ಕೇಳುತ್ತಿರಲಿಲ್ಲ. ನನ್ನ ಐದೂ ಬೆರಳು ಹಿಡಿದು ಒತ್ತಿದ, ಬಿಟ್ಟ. ಮತ್ತೆ ನಾಲ್ಕು ಬೆರಳು ಹಿಡಿದ. ಹಿಡಿದ ಕೈ ಬೆವರಿನಿಂದ ಒದ್ದೆಯಾಗಿತ್ತು. ಮುಖ ಮಾತ್ರ ಡ್ರೈವರಿನ ಬೆನ್ನನ್ನು ನೋಡುತ್ತಾ ಮಂಡಿಯಲ್ಲಿ ಇರುವ ಹಾಗೇ ಇತ್ತು.

ನಾನೂ ದಲ್ಲಾಳಿಯ ಮಗಳು. ನನ್ನ ಬೆರಳು ತಾವಾಗಿಯೇ ಏಳನ್ನು ಹಿಡಿಯಲು ಹೋದವು. ತಡೆದುಕೊಂಡೆ. ಒಂಬತ್ತು ಅಂದರೆ ಒಂಬತ್ತು. ಅವನ ಕೈಯನ್ನು ಇಡಿಯಾಗಿ ಹಿಡಿದುಕೊಂಡೆ.

"ಮುಂದೆ ನಿಲ್ಲಿಸು ಅಂತ ಹೇಳ್ಲಾ ಅಪ್ಪ?" ಅಂದೆ.

ತಲೆಯನ್ನು ಒಂದು ಸಲ ಅಡ್ಡಕ್ಕೆ ಆಡಿಸಿದ. ಪೆಟ್ರೋಲ್ ಬಂಕು, ಇಟ್ಟಿಗೆ ಗೂಡು, ಹೂ ಬಿಟ್ಟ ಒಂದು ತೋಟ ಹಿಂದಕ್ಕೆ ಹೋದವು. ತೋಟ ಬಂದಾಗಲೂ ಅವನು ತಲೆ ತಿರುಗಿಸಲಿಲ್ಲ.

ಕಂಡಕ್ಟರ್ ಸೀಟಿ ಊದಿದ. "ಗೇಟು, ಗೇಟು, ಇಳಿಯೋರು ಬನ್ನಿ." ನಾನು ಎದ್ದೆ. ಅಪ್ಪ ಏಳಲಿಲ್ಲ, ಕೈಯನ್ನೂ ಬಿಡಲಿಲ್ಲ. ಟವಲ್ ಜಾರಿ ಕೆಳಗೆ ಬಿತ್ತು. ಬಸ್ಸಿನವರೆಲ್ಲ ನೋಡುತ್ತಿದ್ದರು.

"ಕೂತ್ಕ ಪಾಪ" ಅಂದ ಅಪ್ಪ, ಮಂಡಿಯ ದನಿಯಲ್ಲಿ, ಹಿಂದಿನ ಸೀಟಿನವರಿಗೂ ಕೇಳುವ ಹಾಗೆ. "ಒಂಬತ್ತಿತ್ತು. ಈಗ ಎಂಟಕ್ಕೆ ಬಂದೈತೆ. ಇನ್ನೂ ಕಡಮೆ ಆಗೋ ತನಕ ಏಳಬಾರ್ದು."

"ಏನ್ ತಾತ ಎಂಟು?" ಅಂದ ಕಂಡಕ್ಟರ್.

"ನನ್ ಭಯ" ಅಂದ ಅಪ್ಪ. ಅಂದು ಜೇಬಿಗೆ ಕೈ ಹಾಕಿದ. "ಕೋಲಾರಕ್ಕೇ ಕೊಟ್ಬಿಡಪ್ಪ ಟಿಕೆಟ್ಟು."